ಮೂರನೆಯ ಗುಂಪಿನ ಇಲಿಗಳು

ಬೆಲ್ಲದ ತುಂಡಿನ ಮೇಲೆ ಒಂದು ಹೆಬ್ಬೆರಳಿನ ಗುರುತಿತ್ತು. ಪೆನ್ಸಿಲ್ ಪುಡಿ ಮೆತ್ತಿದ ಬೆರಳಿನಿಂದ ಒತ್ತಿದ ಹಾಗೆ ಬೂದು ಬಣ್ಣ. ಗೆರೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ನಾನು ಅದನ್ನು ಅಡುಗೆಮನೆ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ನಮ್ಮತ್ತೆ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಸೆರಗಿನಲ್ಲಿ ಒರೆಸಿ, ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು.

"ಏನವ್ವ, ಬೆಲ್ಲದಾಗೆ ಜಾತ್ಕ ನೋಡ್ತಿದ್ದೀಯಾ?" ಎಂದರು.

ಆ ಬೆಲ್ಲ ಕಾರ್ಖಾನೆಯದು. ನಮ್ಮವರು ಸೋಂಪುರದಲ್ಲಿ ಬ್ಯಾಟರಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಸೀಸದ ಪುಡಿಯನ್ನು ಹಿಟ್ಟಿನ ಹಾಗೆ ಕಲಸಿ, ಅಂಗೈ ಅಗಲದ ಜಾಲರಿಗಳಿಗೆ ಬಳಿದು, ಒಣಗಿಸಿ ಪ್ಲೇಟು ಮಾಡುವ ಲೈನು ಅವರದು. ಒಣಗಿದ ಪ್ಲೇಟನ್ನು ಎತ್ತಿಟ್ಟಾಗಲೆಲ್ಲ ಧೂಳು ಏಳುತ್ತದೆ. ಪಾಳಿ ಮುಗಿದ ಮೇಲೆ ಪ್ರತಿಯೊಬ್ಬರಿಗೂ ಒಂದು ಬಾಳೆಹಣ್ಣು, ಒಂದು ತುಂಡು ಬೆಲ್ಲ ಕೊಡುತ್ತಿದ್ದರು. ಬೆಲ್ಲ ತಿಂದರೆ ಗಂಟಲಲ್ಲಿ ಕೂತ ಧೂಳು ಇಳಿದುಹೋಗುತ್ತದೆ ಎಂಬ ನಂಬಿಕೆ. ಉಳಿದವರು ಅಲ್ಲೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಮ್ಮವರು ಬಾಳೆಹಣ್ಣು ತಿಂದು, ಬೆಲ್ಲವನ್ನು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿಟ್ಟು ಮನೆಗೆ ತರುತ್ತಿದ್ದರು. ಮದುವೆಯಾದ ಹೊಸದರಲ್ಲಿ ಒಮ್ಮೆ, ಈ ಬೆಲ್ಲ ಚೆನ್ನಾಗಿದೆ ಎಂದು ನಾನು ಅಂದಿದ್ದೆ. ಅದಕ್ಕೆ.

ಗುರುತನ್ನು ನಾನು ಕಂಡದ್ದು ಮೂರನೆಯ ವರ್ಷದಲ್ಲಿ. ಮೊದಲ ವರ್ಷವೇ ಕಾಣಬೇಕಾಗಿತ್ತು. ಬಯೋಕೆಮಿಸ್ಟ್ರಿ ಓದಿದವಳು ನಾನು.

ನಮ್ಮ ತವರು ತೂಬಗೆರೆ ಕಡೆ. ನನ್ನ ಮದುವೆಯ ಮಾತು ನಡೆಯುತ್ತಿದ್ದ ವರ್ಷಗಳಲ್ಲಿ ಆ ಕಡೆ ಗಂಡು ಎಂದರೆ ಏರ್‌ಪೋರ್ಟಿನ ಗಂಡು. ಒಬ್ಬ ಟ್ಯಾಕ್ಸಿ ಓಡಿಸುತ್ತಿದ್ದ, ಒಬ್ಬ ಸಾಮಾನು ಏರಿಸುತ್ತಿದ್ದ, ಇನ್ನೊಬ್ಬ ಗಾಜು ಒರೆಸುವವರ ಮೇಲ್ವಿಚಾರಕ. ಎಲ್ಲರ ಕೊರಳಲ್ಲೂ ಗುರುತಿನ ಚೀಟಿ, ಎಲ್ಲರದೂ ಗುತ್ತಿಗೆ ಕೆಲಸ. ನಮ್ಮಪ್ಪ ಅವರನ್ನೆಲ್ಲ ಬಿಟ್ಟು ಸೋಂಪುರದ ಗಂಡನ್ನು ಒಪ್ಪಿದ್ದು ಒಂದೇ ಒಂದು ಪದಕ್ಕೆ: ಪರ್ಮನೆಂಟ್. ಏಳು ವರ್ಷ ಗುತ್ತಿಗೆಯಲ್ಲಿ ದುಡಿದು ಅವರು ಅದನ್ನು ಸಂಪಾದಿಸಿದ್ದರು. ನನಗೂ ಅದರಲ್ಲಿ ತಕರಾರಿರಲಿಲ್ಲ. ಮೆತ್ತಗೆ ಮಾತನಾಡುವ ಮನುಷ್ಯ. ಮದುವೆಯ ನಂತರ ನಾನು ದಾಬಸ್‌ಪೇಟೆಯ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವುದಕ್ಕೆ ಸೇರಿದೆ.

ಮಗುವಾಗಲಿಲ್ಲ. ಎರಡು ವರ್ಷ ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆಮೇಲೆ ಎಲ್ಲರೂ ಅಂದರು. ಅತ್ತೆ ನನ್ನನ್ನು ನೆಲಮಂಗಲದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ರಕ್ತ, ಸ್ಕ್ಯಾನು, ಮಾತ್ರೆ, ಮತ್ತೆ ಸ್ಕ್ಯಾನು. ಗರ್ಭನಾಳ ತೆರೆದಿದೆಯೇ ಎಂದು ನೋಡಲು ಬಣ್ಣದ ದ್ರವ ಹಾಯಿಸುವ ಒಂದು ಪರೀಕ್ಷೆ ಇದೆ. ಅದರ ನೋವನ್ನು ಇಲ್ಲಿ ಬರೆಯುವುದಿಲ್ಲ. ಅದು ಮುಗಿದು ನಾನು ಬೆಂಚಿನ ಮೇಲೆ ಮಡಿಸಿಕೊಂಡು ಕೂತಿದ್ದಾಗ ಅತ್ತೆ ಪಕ್ಕದಲ್ಲಿದ್ದ ಹೆಂಗಸಿಗೆ, "ನಮ್ಮ ಹುಡ್ಗ ಕಲ್ಲಿದ್ದಂಗವ್ನೆ. ಇವಳದೇ ಏನೋ ಬಿಸಿ ಮೈ" ಎಂದು ಹೇಳುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ತಿಳಿದದ್ದನ್ನು ಹೇಳುತ್ತಿದ್ದರು, ಅಷ್ಟೇ.

ಕೊನೆಗೆ ಡಾಕ್ಟರಮ್ಮನೇ, "ಇನ್ನು ನಿಮ್ಮನ್ನ ಪರೀಕ್ಷೆ ಮಾಡೋಕೆ ನನ್ ಹತ್ರ ಏನೂ ಉಳಿದಿಲ್ಲ. ಯಜಮಾನ್ರನ್ನ ಕರ್ಕೊಂಡ್ ಬನ್ನಿ" ಎಂದರು.

ನಮ್ಮವರು ಮೂರು ವಾರ ಮುಂದೂಡಿ, ಒಂದು ರಜೆಯ ದಿನ ಬಂದರು. ವೀರ್ಯದ ಪರೀಕ್ಷೆಯ ವರದಿ ಒಂದು ಹಾಳೆ. ಸಂಖ್ಯೆ ಕಡಿಮೆ, ಚಲನೆ ಅದಕ್ಕಿಂತ ಕಡಿಮೆ. ಡಾಕ್ಟರಮ್ಮ ಅವರ ಕೆಲಸವೇನೆಂದು ಕೇಳಿದರು, ಯಾವ ಲೈನು ಎಂದು ಕೇಳಿದರು, ಚೀಟಿಯ ಮೇಲೆ ಸೀಸ ಎಂದು ಬರೆದು ಎರಡು ಗೆರೆ ಎಳೆದರು.

"ಸೆಕ್ಷನ್ ಬದಲಾಯಿಸ್ಕೊಳ್ಳೋಕೆ ಆಗುತ್ತಾ? ವೀರ್ಯ ಹೊಸದಾಗಿ ತಯಾರಾಗೋಕೆ ಮೂರು ತಿಂಗಳಾದ್ರೂ ಬೇಕು. ಧೂಳಿಂದ ಆಚೆ ಬಂದ್ರೆ ಸುಧಾರಿಸೋ ಸಾಧ್ಯತೆ ಇದೆ."

"ನೋಡ್ತೀನಿ ಮೇಡಂ" ಎಂದರು ಇವರು.

ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಲೇ, "ಅವ್ವಂಗೆ ಹೇಳ್ಬೇಡ" ಎಂದರು. ಹೇಳುವುದಿಲ್ಲ ಎಂದೆ. ಬಾಯಿ ಬಿಗಿ ಎಂದು ಎರಡೂ ಮನೆಯವರು ನನ್ನನ್ನು ಹೊಗಳುತ್ತಿದ್ದರು; ಅದು ಹೀಗೆ ಉಪಯೋಗಕ್ಕೆ ಬಂತು.

ಸೆಕ್ಷನ್ ಬದಲಾಯಿಸುವುದು ಅವರಿಗೆ ಯಾಕೆ ಅಷ್ಟು ಕಷ್ಟವಾಗಿತ್ತು ಎಂದು ಹೇಳಬೇಕು. ಪ್ಲೇಟಿನ ಲೈನಿನಿಂದ ಡಿಸ್ಪ್ಯಾಚ್‌ಗೆ, ಅಂದರೆ ತಯಾರಾದ ಬ್ಯಾಟರಿಗಳನ್ನು ಲಾರಿಗೆ ಕಳಿಸುವ ಕಡೆಗೆ, ಹೋಗಲು ಎರಡೇ ದಾರಿ. ಆರು ತಿಂಗಳಿಗೊಮ್ಮೆ ಮಾಡುವ ರಕ್ತ ಪರೀಕ್ಷೆಯಲ್ಲಿ ಸೀಸ ಮಿತಿ ಮೀರಬೇಕು, ಇಲ್ಲವೇ ಬೇರೆ ಕಾಯಿಲೆಯ ಬಗ್ಗೆ ಡಾಕ್ಟರ ಕಾಗದ ತರಬೇಕು. ಹಾಗೆ ಹೋದವರಿಗೆ ಲೈನಿನ ಭತ್ಯೆ ನಿಲ್ಲುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅವರಿಗೊಂದು ಹೆಸರು ಬೀಳುತ್ತಿತ್ತು: ಡ್ಯಾಮೇಜ್ ಪೀಸು. ಕ್ಯಾಂಟೀನಿನಲ್ಲಿ, ಬಸ್ ಸ್ಟಾಪಿನಲ್ಲಿ, ಮದುವೆ ಮನೆಯಲ್ಲಿ ಕೂಡ ಆ ಹೆಸರೇ. ನಮ್ಮವರೂ ಒಬ್ಬಿಬ್ಬರನ್ನು ಹಾಗೆ ಕರೆದಿದ್ದವರೇ. ಇವರ ರಕ್ತ ಮಾತ್ರ ಪ್ರತಿ ಸಲವೂ ನಾರ್ಮಲ್ ಎಂದು ಕಾರ್ಖಾನೆಯವರು ಬಾಯಲ್ಲಿ ಹೇಳುತ್ತಿದ್ದರು. ಅಂಕಿ ಎಷ್ಟೆಂದು ಕಾಗದದಲ್ಲಿ ಕೊಡುತ್ತಿರಲಿಲ್ಲ.

ಬದಲಾಯಿಸಿಕೊಳ್ಳಿ ಎಂದು ನಾನು ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಅದಕ್ಕಿಂತ ಸುಲಭವಾದ ಇನ್ನೊಂದು ದಾರಿ ನನ್ನ ಬಳಿ ಇತ್ತು.

ಎಂಎಸ್ಸಿಯ ಕೊನೆಯ ವರ್ಷ ನಾವು ಮಾಡಿದ ಪ್ರಯೋಗ ಇದೇ ವಿಷಯದ ಮೇಲೆ. ಗಂಡು ಇಲಿಗಳಿಗೆ ನೀರಿನಲ್ಲಿ ಸೀಸ ಬೆರೆಸಿ ಕೊಡುವುದು, ಜೊತೆಗೆ ನೆಲ್ಲಿಕಾಯಿಯ ಸಾರ ಕುಡಿಸುವುದು, ಅವುಗಳ ವೀರ್ಯಾಣುಗಳಿಗೆ ಏನಾಗುತ್ತದೆ ನೋಡುವುದು. ಸೀಸ ದೇಹಕ್ಕೆ ಸೇರಿದರೆ ಜೀವಕೋಶಗಳಲ್ಲಿ ಸುಡುವಂಥ ಅಣುಗಳು ಹೆಚ್ಚುತ್ತವೆ. ವೀರ್ಯಾಣುವಿನ ಹೊರಪೊರೆ ಬಹಳ ಸೂಕ್ಷ್ಮ, ಬೇಗ ಕೆಡುತ್ತದೆ. ಬಾಲ ಆಡುವುದು ನಿಲ್ಲುತ್ತದೆ. ನೆಲ್ಲಿಕಾಯಿ, ನುಗ್ಗೆಸೊಪ್ಪುಗಳಲ್ಲಿರುವ ಆಂಟಿ ಆಕ್ಸಿಡೆಂಟುಗಳು ಆ ಏಟನ್ನು ತಾವು ತಿಂದು ಕೋಶವನ್ನು ಉಳಿಸುತ್ತವೆ. ಇಲಿಗಳು ನಾಲ್ಕು ಗುಂಪು. ಮೊದಲನೆಯದಕ್ಕೆ ಬರೀ ನೀರು. ಎರಡನೆಯದಕ್ಕೆ ಸೀಸ. ಮೂರನೆಯದಕ್ಕೆ ಸೀಸ ಮತ್ತು ನೆಲ್ಲಿಕಾಯಿ. ನಾಲ್ಕನೆಯದಕ್ಕೆ ನೆಲ್ಲಿಕಾಯಿ ಮಾತ್ರ. ಎಣಿಸುವ ಕೆಲಸ ನನ್ನದಾಗಿತ್ತು. ಗೆರೆ ಕೊರೆದ ಗಾಜಿನ ಮೇಲೆ ಒಂದು ಹನಿ, ಸೂಕ್ಷ್ಮದರ್ಶಕದಲ್ಲಿ ಕಣ್ಣು, ಎಡಗೈಯಲ್ಲಿ ಒತ್ತಿದರೆ ಟಕ್ ಎನ್ನುವ ಎಣಿಕೆಯ ಯಂತ್ರ. ವಾರಗಟ್ಟಲೆ ಕಣ್ಣು ಮುಚ್ಚಿದರೂ ಬಾಲಗಳೇ ಕಾಣುತ್ತಿದ್ದವು.

ಮೂರನೆಯ ಗುಂಪು ಎರಡನೆಯದಕ್ಕಿಂತ ಎಷ್ಟೋ ಚೆನ್ನಾಗಿತ್ತು. ವರದಿಯಲ್ಲಿ 'ಗಮನಾರ್ಹ ಸುಧಾರಣೆ' ಎಂದು ಬರೆದೆವು. ಎಲ್ಲರೂ ಸಂತೋಷಪಟ್ಟರು.

ಹಾಗೆ ನಮ್ಮ ಮನೆಯಲ್ಲಿ ನೆಲ್ಲಿಕಾಯಿ ಶುರುವಾಯಿತು. ಬೆಳಿಗ್ಗೆ ಐದೂವರೆಗೆ ಎದ್ದು ರುಬ್ಬಿ, ಸೋಸಿ, ಒಂದು ಲೋಟ. ವಾರಕ್ಕೆ ಮೂರು ಸಲ ನುಗ್ಗೆಸೊಪ್ಪು, ರಾಗಿಮುದ್ದೆಗೆ ಬಸ್ಸಾರು. ಹಣ್ಣಿನ ಕಾಲ ಮುಗಿದ ಮೇಲೆ ಒಣಗಿಸಿಟ್ಟ ನೆಲ್ಲಿಪುಡಿ. ಸೊಪ್ಪನ್ನು ಮೊದಲು ಇವರ ತಟ್ಟೆಗೆ ಬಡಿಸುವುದನ್ನು ಅತ್ತೆ ನಾಲ್ಕು ದಿನ ನೋಡಿದರು.

"ಬಸುರಾಗ್ಬೇಕಾಗಿರೋದು ಯಾರು, ನೀನಾ ಅವನಾ?" ಎಂದರು ಐದನೆಯ ದಿನ. "ಒಳ್ಳೆ ಗಬ್ಬದ ಎಮ್ಮೆಗೆ ಹಾಕ್ದಂಗೆ ಸೊಪ್ಪು ಹಾಕ್ತಿದ್ದೀಯಲ್ಲ ನನ್ ಮಗಂಗೆ."

ನಮ್ಮವರು ತಲೆ ಬಗ್ಗಿಸಿ ಮುದ್ದೆ ಮುರಿದರು. ನಾನು, "ಕಬ್ಬಿಣದ ಅಂಶ ಅತ್ತೆ, ಎಲ್ಲರಿಗೂ ಒಳ್ಳೇದು" ಎಂದೆ. ಅತ್ತೆ ನನ್ನ ತಟ್ಟೆಗೂ ಒಂದು ಸೌಟು ಬಡಿಸಿ, "ಹಂಗಿದ್ರೆ ನೀನೂ ತಿನ್ನು. ಬೇಕಾಗಿರೋಳು ನೀನು" ಎಂದರು.

ಗುಟ್ಟು ಗುಟ್ಟಾಗಿ ಉಳಿಯಿತು. ಜ್ಯೂಸು ಮಾತ್ರ ಉಳಿಯಲಿಲ್ಲ. ನಮ್ಮವರು ಲೈನಿನಲ್ಲಿ ಜೊತೆಯವರಿಗೆ ಹೇಳಿದರು. ಯಾತಕ್ಕೆ ಕುಡಿಯುತ್ತಾರೆ ಎಂದಲ್ಲ. ಓದಿದ ಹೆಂಡತಿ ಲ್ಯಾಬಿನಲ್ಲಿ ಪ್ರಯೋಗ ಮಾಡಿ ಕಂಡುಕೊಂಡದ್ದು, ಸೀಸಕ್ಕೆ ಇದೇ ಮದ್ದು ಎಂದು. ಅವರ ಪಕ್ಕದಲ್ಲೇ ನಿಂತು ಪ್ಲೇಟು ಜೋಡಿಸುವವರೊಬ್ಬರು, ಜೋರು ಮಾತಿನ ದಪ್ಪನೆಯ ಮನುಷ್ಯ, ಒಂದು ಭಾನುವಾರ ಮನೆಗೇ ಬಂದರು.

"ಅತ್ತಿಗೆ, ಅದೇನು ಅಂತ ನಮ್ಗೂ ಕೊಡ್ರೀ. ಇವನೊಬ್ನೇ ನೂರ್ ವರ್ಷ ಬದುಕಿ ಏನ್ ಮಾಡ್ತಾನೆ?" ಎಂದು ನಗುತ್ತಾ ನಮ್ಮವರ ಬೆನ್ನಿಗೆ ಬಡಿದು, "ಗುರು, ನಿನ್ ಮನೇಲೇ ಸೈಂಟಿಸ್ಟ್ ಇಟ್ಕೊಂಡು ನಮ್ಗೆ ಬರೀ ಬಾಳೆಹಣ್ ತಿನ್ನಿಸ್ತಿದ್ದೀಯಲ್ಲೋ" ಎಂದರು.

ನಾನು ಅಳತೆಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಹಾಗೆ ಬರೆದುಕೊಡುವಾಗ ಸ್ವಲ್ಪ ಹೆಮ್ಮೆಯೂ ಆಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಓದಿದ್ದು ಮೊದಲ ಸಲ ಯಾರಿಗೋ ಬೇಕಾಗಿತ್ತು.

ಉಪ್ಪಿನಕಾಯಿ ಹಾಕುವ ಕಾಲದಲ್ಲಿ ಒಂದು ದಿನ ಅತ್ತೆಯ ಜಾಡಿಗಳನ್ನು ಅಟ್ಟದಿಂದ ಇಳಿಸುತ್ತಿದ್ದೆ. ಪ್ರತಿ ಜಾಡಿಯ ಬಾಯಿಗೂ ಬಟ್ಟೆಯ ಬದಲು ಬಿಳಿಯ ಬಟ್ಟಲಿನಂಥದ್ದೊಂದು ಕಟ್ಟಿತ್ತು. ಎರಡು ಎಲಾಸ್ಟಿಕ್ಕು, ಮೂಗಿನ ಮೇಲೆ ಕೂರುವ ಕಡೆ ತಗಡಿನ ಪಟ್ಟಿ.

"ಇದು ಎಲ್ಲಿಂದ ಬಂತು ಅತ್ತೆ?"

"ಅವ್ನೇ ತಂದಿಟ್ಟಿದ್ದು. ಕಪಾಟಿನ್ ಮೇಲೆ ರಾಶಿ ಬಿದ್ದೈತೆ. ಜಾಡಿಗೆ ಏನ್ ಚೆಂದಾಗ್ ಕೂರ್ತದೆ ನೋಡು, ಇರುವೆ ಒಂದ್ ಹೋಗಲ್ಲ ಒಳಕ್ಕೆ."

ಕಪಾಟಿನ ಮೇಲೆ ಕೈಯಾಡಿಸಿದೆ. ಒಡೆಯದ ಪ್ಯಾಕೆಟ್ಟುಗಳು. ವಾರಕ್ಕೆ ಎರಡರಂತೆ ಕಾರ್ಖಾನೆ ಕೊಟ್ಟ ಮಾಸ್ಕುಗಳು, ಅಷ್ಟು ತಿಂಗಳದ್ದೂ ಅಲ್ಲೇ ಇದ್ದವು. ನಾನು ನೆಲ್ಲಿಕಾಯಿ ಶುರು ಮಾಡಿದ ತಿಂಗಳಿನಿಂದ.

ಸಂಜೆ ಕೇಳಿದಾಗ ಅವರಿಗೆ ಆಶ್ಚರ್ಯವೇ ಆಯಿತು. "ಅದನ್ನ ಹಾಕ್ಕೊಂಡ್ರೆ ಬೆವ್ರು ಇಳಿದು ಕೆರೆತ ಬರುತ್ತೆ ಕಣೆ, ಉಸಿರು ಕಟ್ಟುತ್ತೆ. ನೀನ್ ಹೆಂಗಿದ್ರೂ ಜ್ಯೂಸ್ ಕೊಡ್ತೀಯಲ್ಲ? ನಮ್ ಲೈನಾಗೆ ಈಗ ಯಾರೂ ಹಾಕಲ್ಲ."

ಹಾಕಿಕೊಳ್ಳಿ ಎಂದೆ. ಹೂಂ ಎಂದರು. ನಾನು ಅದಕ್ಕಿಂತ ಮುಂದೆ ಮಾತು ಬೆಳೆಸಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆಗಳು, ಉತ್ತರ ಪತ್ರಿಕೆ, ಮನೆಯಲ್ಲಿ ನೀರು ಬಿಡುವ ಹೊತ್ತಿಗೆ ಏಳುವುದು. ದಣಿದವರು ಒಂದು ಮಾತು ಹೇಳಿ, ಅದು ಸಾಕು ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡೆ.

ಸುರಕ್ಷತಾ ಸಪ್ತಾಹ ಬಂತು. ಜ್ಯೂಸಿನ ಬಗ್ಗೆ ನಾಲ್ಕು ಮಾತಾಡಲು ಬರಬೇಕೆಂದು ಕಾರ್ಖಾನೆಯ ಸೂಪರ್‌ವೈಸರ್ ನಮ್ಮವರ ಮೂಲಕ ನನಗೆ ಹೇಳಿಕಳಿಸಿದರು. ಬರುವುದಿಲ್ಲ ಎಂದೆ. "ನನ್ ಮರ್ಯಾದೆ ಕಣೆ, ಐದೇ ನಿಮಿಷ" ಎಂದು ಇವರು ಒಂದು ವಾರ ಕೇಳಿದರು. ಹೋದೆ.

ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮೂಲೆಯಲ್ಲಿ ನಲ್ಲಿ ಇರುವ ಸ್ಟೀಲಿನ ಡ್ರಮ್ಮು, ಅದರ ಮೇಲೆ ಚೀಟಿ: ನೆಲ್ಲಿಕಾಯಿ ಪಾನಕ. ಇನ್ನು ಮುಂದೆ ಬೆಲ್ಲದ ಜೊತೆಗೆ ಇದನ್ನೂ ಕೊಡುತ್ತಾರಂತೆ. ಸೂಪರ್‌ವೈಸರ್ ಬಹಳ ಮರ್ಯಾದೆಯ ಮನುಷ್ಯ. ನನಗೆ ಲೈನು ತೋರಿಸಲು ಒಳಗೆ ಕರೆದುಕೊಂಡು ಹೋದರು. ಯಂತ್ರಗಳು ನಿಂತಿದ್ದವು. ನಮ್ಮವರು ನಿಲ್ಲುವ ಜಾಗದ ಮೇಲೆ, ಧೂಳನ್ನು ಹೊರಕ್ಕೆ ಎಳೆಯುವ ದಪ್ಪ ಕೊಳವೆ ಒಂದು ಕಡೆ ಬಾಯಿಬಿಟ್ಟಿತ್ತು. ಆ ಸೀಳಿಗೆ ಗೋಣಿಚೀಲ ಸುತ್ತಿ ತಂತಿ ಬಿಗಿದಿದ್ದರು.

"ಇದು ಎಷ್ಟು ದಿನದಿಂದ ಹೀಗಿದೆ ಸರ್?"

"ಡಕ್ಟ್ ಬದಲಾಯಿಸೋಕೆ ಬರೆದಿದೀವಿ ಮೇಡಂ, ಮೇಲಿಂದ ಬರ್ಬೇಕು. ಅಲ್ಲೀವರ್ಗೂ ನಿಮ್ ಜ್ಯೂಸ್ ಇದೆಯಲ್ಲ" ಎಂದು ನಕ್ಕರು. ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ಹಾಗೆಂದುಕೊಂಡಿದ್ದರು.

ಮೈಕಿನ ಮುಂದೆ ನಿಂತು ಕೈ ತೊಳೆಯಿರಿ, ಸಮವಸ್ತ್ರ ಇಲ್ಲೇ ಬಿಚ್ಚಿಟ್ಟು ಬನ್ನಿ, ಮಾಸ್ಕ್ ಹಾಕಿ, ಬೆಲ್ಲವನ್ನು ತೊಳೆಯದ ಕೈಯಲ್ಲಿ ಮುಟ್ಟಬೇಡಿ ಎಂದೆಲ್ಲ ಹೇಳಿದೆ. ಯಾರೂ ಕೇಳುತ್ತಿರಲಿಲ್ಲ. ಮುಗಿಸಿದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು.

"ಅಕ್ಕ, ಒಂದ್ ಲೋಟ ಸಾಕಾ, ಎರಡ್ ಬೇಕಾ?"

"ಎರಡ್ ಕುಡುದ್ರೆ ಅವಳಿ ಜವಳಿ ಕಣೋ!" ಎಂದರು ನಮ್ಮ ಮನೆಗೆ ಬಂದಿದ್ದ ದಪ್ಪನೆಯವರು. ಶಾಮಿಯಾನದ ತುಂಬ ನಗು. ನಮ್ಮವರೂ ನಕ್ಕರು. ಅವರ ಮುಖ ನೋಡಿದೆ. ನಗು ಬಾಯಿಯಲ್ಲಿತ್ತು, ಕಣ್ಣು ನನ್ನ ಮೇಲಿತ್ತು.

ಎಷ್ಟು ಲೋಟವಾದರೂ ಸಾಲದು ಎಂದು ಹೇಳಬೇಕಿತ್ತು. ಹಾಗೆ ಹೇಳಿದ್ದರೆ ಮುಂದಿನ ಪ್ರಶ್ನೆ, ಮತ್ತೆ ನೀವು ನಿಮ್ಮ ಯಜಮಾನರಿಗೆ ಯಾಕೆ ಕೊಡುತ್ತೀರಿ ಎಂದು ಬರುತ್ತಿತ್ತು.

"ಒಂದು ಸಾಕು" ಎಂದೆ. ಚಪ್ಪಾಳೆ ತಟ್ಟಿದರು.

ಮೊದಲ ವರದಿಯಿಂದ ಒಂದು ವರ್ಷವಾದ ಮೇಲೆ, ಅವರೆಕಾಯಿಯ ಕಾಲದಲ್ಲಿ, ಎರಡನೆಯ ಪರೀಕ್ಷೆ ಮಾಡಿಸಿದೆವು. ಈ ಸಲ ಇವರೇ ಉತ್ಸಾಹದಲ್ಲಿ ಹೊರಟಿದ್ದರು. ಡಾಕ್ಟರಮ್ಮ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಹೊಸ ಹಾಳೆಯ ಅಂಕಿಗಳು ಹಳೆಯದಕ್ಕಿಂತ ಕೆಳಗಿದ್ದವು.

"ಏನು ಬದಲಾವಣೆ ಮಾಡಿದ್ರಿ ಈ ಒಂದು ವರ್ಷದಲ್ಲಿ?"

"ದಿನಾ ನೆಲ್ಲಿಕಾಯಿ ಜ್ಯೂಸು ಮೇಡಂ. ನುಗ್ಗೆಸೊಪ್ಪು. ಒಂದ್ ದಿನಾನೂ ಬಿಟ್ಟಿಲ್ಲ."

"ಒಳ್ಳೇದು. ಕೆಲಸ?"

"ಅದೇ ಲೈನು."

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅವರಿಗೂ ದಣಿವಾಗಿತ್ತು, ಹೊರಗೆ ಬೆಂಚು ತುಂಬಿತ್ತು. "ಹಾಗಾದ್ರೆ ಬದಲಾವಣೆ ಏನೂ ಮಾಡಿಲ್ಲ" ಎಂದರು. ಆಮೇಲೆ, "ಇದು ಹೀಗೇ ಇಳೀತಾ ಹೋದ್ರೆ ಆಮೇಲೆ ನನ್ ಕೈಲಿ ಏನೂ ಇರಲ್ಲ. ಆ ಜಾಗದಿಂದ ಆಚೆ ಬನ್ನಿ" ಎಂದು ಡಿಸ್ಪ್ಯಾಚ್‌ಗೆ ಹಾಕುವಂತೆ ಒಂದು ಕಾಗದ ಬರೆದು ವರದಿಯ ಜೊತೆ ಲಕೋಟೆಯಲ್ಲಿ ಹಾಕಿಕೊಟ್ಟರು.

ನೆಲಮಂಗಲದ ಬಸ್ ನಿಲ್ದಾಣದಲ್ಲಿ ಸಿಮೆಂಟಿನ ಕಟ್ಟೆಯ ಮೇಲೆ ಕೂತೆವು. ಎರಡು ಬಸ್ಸು ಬಂದು ಹೋದವು. ನಾನು ನಾಲ್ಕು ಗುಂಪುಗಳ ವಿಷಯ ಹೇಳಿದೆ. ಮೂರನೆಯದು ಎರಡನೆಯದಕ್ಕಿಂತ ಚೆನ್ನಾಗಿತ್ತು ಎಂಬುದು ಅವರಿಗೆ ಗೊತ್ತಿತ್ತು. ಉಳಿದದ್ದನ್ನು ಆ ದಿನ ಹೇಳಿದೆ.

"ಮೂರನೇ ಗುಂಪು ಎಷ್ಟು ಸುಧಾರಿಸಿದ್ರೂ ಮೊದಲನೇ ಗುಂಪಿನಷ್ಟು ಆಗ್ಲಿಲ್ಲ ರೀ."

"ಮೊದಲನೇದಕ್ಕೆ ಏನ್ ಕೊಟ್ಟಿದ್ರಿ?"

"ಏನೂ ಇಲ್ಲ. ನೀರು."

"ಬರೀ ನೀರಾ?"

"ಹೂಂ. ಸೀಸ ಇರ್ಲಿಲ್ಲ, ಅಷ್ಟೇ."

ಅವರು ತಮ್ಮ ಉಗುರುಗಳನ್ನು ನೋಡಿಕೊಂಡರು. ಎಷ್ಟು ತೊಳೆದರೂ ಅವುಗಳ ಅಂಚಿನಲ್ಲಿ ಬೂದು ಗೆರೆ ಉಳಿಯುತ್ತಿತ್ತು.

"ನಾನ್ ಯಾವ್ ಗುಂಪು?"

"ಮೂರನೇದು."

"ನೀನೇ ಹಾಕ್ದೆ."

ನಮ್ಮ ವರದಿಯಲ್ಲಿ ಎಲ್ಲರೂ ಮಾತನಾಡಿದ್ದು ನೆಲ್ಲಿಕಾಯಿಯ ಬಗ್ಗೆ. ಮೊದಲ ಗುಂಪಿನ ಬಗ್ಗೆ ಯಾರೂ ಏನೂ ಕೇಳಿರಲಿಲ್ಲ. ಅದಕ್ಕೆ ಏನೂ ಆಗಿರಲಿಲ್ಲ, ಆದ್ದರಿಂದ ಹೇಳುವುದಕ್ಕೂ ಏನೂ ಇರಲಿಲ್ಲ. ಪಂಜರದ ನೀರಿನಿಂದ ಸೀಸವನ್ನು ತೆಗೆದುಬಿಟ್ಟರೆ ಎಂದು ನಾವು ಯೋಚಿಸುವಂತಿರಲಿಲ್ಲ, ಅದನ್ನು ಹಾಕುತ್ತಿದ್ದವರು ನಾವೇ. ಆದರೆ ಮನೆಯಲ್ಲಿ ನಾನು ಯೋಚಿಸಬಹುದಿತ್ತು.

"ಆ ಇಲಿಗಳ್ನ ಆಮೇಲೆ ಏನ್ ಮಾಡಿದ್ರಿ?" ಎಂದು ಕೇಳಿದರು.

"ಅದು ಬೇಡ ಬಿಡಿ" ಎಂದೆ.

ಮೂರನೆಯ ಬಸ್ಸು ಹತ್ತಿದೆವು.

ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆಯೇ, "ಏನಂದ್ಲು ಡಾಕ್ಟ್ರಮ್ಮ? ಇನ್ನೆಷ್ಟ್ ಸೂಜಿ ಚುಚ್ಚಬೇಕಂತೆ ಇವಳ್ಗೆ?" ಎಂದರು. "ನಂದಗುಡಿ ಹತ್ರ ಯಾರೋ ನಾಟಿ ಔಷ್ದಿ ಕೊಡ್ತಾರಂತೆ. ಬರೋ ಸೋಮ್ವಾರ ಕರ್ಕೊಂಡ್ ಹೋಗ್ತೀನಿ. ಇವಳ ಗರ್ಭ್‌ಕೋಶ ಒಂದ್ಸಲ ತೊಳ್ದಂಗಾಗ್ಲಿ."

ನಾನು ಚಪ್ಪಲಿ ಬಿಡುತ್ತಿದ್ದೆ. ನಮ್ಮವರು ಮೆಟ್ಟಿಲ ಮೇಲೆಯೇ ಕೂತುಬಿಟ್ಟರು.

"ಅವ್ವ, ಅವಳ್ಗೇನೂ ಇಲ್ಲ. ತೊಂದ್ರೆ ಇರೋದು ನಂಗೆ."

ಅತ್ತೆಯ ಕೈ ಎರಡು ಕಾಯಿ ಸುಲಿಯುವಷ್ಟು ಹೊತ್ತು ಹಾಗೇ ಆಡುತ್ತಿತ್ತು. ಆಮೇಲೆ ನಿಂತಿತು.

"ಯಾರಂದ್ರು?"

"ಡಾಕ್ಟ್ರು. ಲೈನಿನ ಧೂಳಿಂದ. ಎರಡು ಸಲ ನೋಡಿದಾರೆ."

"ಯಾವಾಗಿಂದ ಗೊತ್ತು?"

"ಒಂದ್ ವರ್ಷ."

ಅತ್ತೆ ನನ್ನ ಕಡೆ ತಿರುಗಿದರು. ಬೈಗುಳಕ್ಕೆ ಸಿದ್ಧವಾಗಿಯೇ ನಿಂತಿದ್ದೆ.

"ಬಾಯ್ ಸತ್ತೋಳಾ ನೀನು? ಕಂಡೋರ್ ಮುಂದೆಲ್ಲಾ ನಾನು ಅಷ್ಟೊಂದ್ ಅಂದಾಗ ಒಂದ್ ಮಾತ್ ತಿರುಗ್ಸಿ ಹೇಳ್ಬಾರ್ದಾಗಿತ್ತಾ? ನನ್ನನ್ನ ಯಾವ್ ಲೆಕ್ಕಕ್ಕೆ ಇಟ್ಕೊಂಡಿದ್ರಿ ಇಬ್ರೂ?" ಮೊರವನ್ನು ಪಕ್ಕಕ್ಕೆ ತಳ್ಳಿದರು. ಮಗನಿಗೆ, "ಆ ಹಾಳ್ ಲೈನ್ ಬಿಟ್ಟು ಬೇರೆ ಕಡೆ ಹಾಕುಸ್ಕೊ" ಎಂದರು.

"ಹಾಕುಸ್ಕೊಳ್ಳೋಕೆ ಈ ಕಾಗ್ದ ಕೊಡ್ಬೇಕವ್ವ." ಅವರು ಲಕೋಟೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. "ಇದರಾಗೆ ಏನ್ ಬರ್ದೈತೆ ಅಂತ ಗೊತ್ತಾ? ಇದನ್ನ ಹಿಡ್ಕೊಂಡ್ ಹೋಗಿ ಆ ಸೂಪರ್‌ವೈಸರ್ ಮುಂದೆ ಹೆಂಗ್ ನಿಂತ್ಕೊಳ್ಳಲಿ? ಮಧ್ಯಾಹ್ನದೊಳಗೆ ಕ್ಯಾಂಟೀನ್‌ಗೆಲ್ಲ ಗೊತ್ತಾಗಿರ್ತದೆ. ಡ್ಯಾಮೇಜ್ ಪೀಸು ಅಂತ ಬೇರೆಯೋರಿಗೆ ಅಂದಿದ್ದೆ ನಾನು. ಅವ್ರಿಗೆ ಬರೀ ರಕ್ತ ಕೆಟ್ಟಿತ್ತು."

ಎದ್ದು ಬಚ್ಚಲಿಗೆ ಹೋದರು. ನೀರು ಸುರಿದುಕೊಳ್ಳುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಅತ್ತೆಯೂ ನಾನೂ ಉಳಿದ ಅವರೆಕಾಯಿಯನ್ನು ಸುಲಿದೆವು.

ಊಟದ ಹೊತ್ತಿನಲ್ಲಿ ಸಾರು ಬಡಿಸುತ್ತಾ ನಾನು, "ನಾಳೆ ನಾನೂ ಬರ್ತೀನಿ. ಕಾಗದ ನಾನೇ ಕೊಡ್ತೀನಿ" ಎಂದೆ. ನಮ್ಮವರು ಕೈ ತೊಳೆದು ಬಂದ ಮೇಲೆ ಲಕೋಟೆಯನ್ನು ನನ್ನ ಕಾಲೇಜಿನ ಬ್ಯಾಗಿನೊಳಗೆ ಇಟ್ಟರು.

ಮರುದಿನ ಬೆಳಿಗ್ಗೆ ನಾನು ಕಾಫಿ ಮಾತ್ರ ಮಾಡಿದೆ. ಏಳಕ್ಕೆ ಬೈಕಿನಲ್ಲಿ ಹೊರಟೆವು. ಗೇಟಿನಲ್ಲಿ ಭೇಟಿಯ ಕಾರಣ ಬರೆಯುವ ಜಾಗದಲ್ಲಿ 'ಸೆಕ್ಷನ್ ಬದಲಾವಣೆ' ಎಂದು ಬರೆದೆ. ನಮ್ಮವರು ಬೈಕಿನ ಪಕ್ಕದಲ್ಲೇ ಉಳಿದರು. ಸೂಪರ್‌ವೈಸರ್ ತಮ್ಮ ಕೋಣೆಯಲ್ಲಿ ಹಾಜರಿ ನೋಡುತ್ತಿದ್ದರು. ಬನ್ನಿ ಮೇಡಂ ಎಂದು ಎದ್ದು ಕುರ್ಚಿ ತೋರಿಸಿದರು. ಕೂರಲಿಲ್ಲ. ಲಕೋಟೆಯಿಂದ ಡಾಕ್ಟರಮ್ಮನ ಕಾಗದ, ವರದಿ ಎರಡನ್ನೂ ತೆಗೆದು ಅವರ ಕಡೆಗೆ ತಿರುಗಿಸಿ ಮೇಜಿನ ಮೇಲೆ ಇಟ್ಟೆ. ಅವರು ಮೊದಲನೆಯದನ್ನು ಓದಿದರು. ಎರಡನೆಯದರ ಅರ್ಧಕ್ಕೆ ಬಂದಾಗ ಅವರ ಕಿವಿ ಕೆಂಪಾಯಿತು.

"ಮೇಡಂ, ಇದು ಪರ್ಸನಲ್..."

"ಹೌದು ಸರ್. ಪೂರ್ತಿ ಓದಿ."

ಅವರು ಓದಿ ಮುಗಿಸುವವರೆಗೆ ಗೋಡೆಯ ಕ್ಯಾಲೆಂಡರನ್ನು ನೋಡುತ್ತಾ ನಿಂತೆ. ಆಮೇಲೆ ಹೇಳಿದೆ: "ಅವತ್ತು ಒಂದು ಲೋಟ ಸಾಕು ಅಂತ ಹೇಳಿದ್ದು ನನ್ನ ತಪ್ಪು. ಒಂದೂ ಸಾಲಲ್ಲ, ಎರಡೂ ಸಾಲಲ್ಲ. ಜ್ಯೂಸು ಕೊಡಿ, ಬೇಡ ಅನ್ನಲ್ಲ. ಆದ್ರೆ ಆ ಡಕ್ಟು ಮಾಡಿಸಿ. ಇದನ್ನ ನಾನು ಬರೆದುಕೊಡ್ತೀನಿ."

ಒಂದು ಬಿಳಿ ಹಾಳೆ ಕೇಳಿ ತೆಗೆದುಕೊಂಡು, ನಿಂತುಕೊಂಡೇ ನಾಲ್ಕು ಸಾಲು ಬರೆದೆ. ಕೆಳಗೆ ನನ್ನ ಹೆಸರು, ಅದರ ಪಕ್ಕದಲ್ಲಿ ಓದಿದ ಡಿಗ್ರಿ. ಅವರು ಹಾಳೆಯನ್ನು ಮಡಿಸಿ ಡ್ರಾಯರಿನಲ್ಲಿಟ್ಟು, ಮ್ಯಾನೇಜರು ಬಂದ ಮೇಲೆ ನೋಡೋಣ ಎಂದರು. ಇವತ್ತಿಗೆ ನಮ್ಮವರು ಡಿಸ್ಪ್ಯಾಚ್‌ಗೆ ಹೋಗಲಿ ಎಂದೂ ಹೇಳಿದರು. ವರದಿ ತಮ್ಮಲ್ಲೇ ಇರುತ್ತದೆ, ಯಾರಿಗೂ ತೋರಿಸುವುದಿಲ್ಲ ಎಂದರು. ನಂಬುವುದೋ ಬಿಡುವುದೋ ಗೊತ್ತಾಗಲಿಲ್ಲ. ಥ್ಯಾಂಕ್ಸ್ ಹೇಳಿ ಹೊರಗೆ ಬಂದೆ.

ನಮ್ಮವರ ಸುತ್ತ ಪಾಳಿಯ ಮೂರು ನಾಲ್ಕು ಜನ ನಿಂತಿದ್ದರು, ದಪ್ಪನೆಯವರೂ ಇದ್ದರು. "ಏನತ್ತಿಗೆ, ಬೆಳಿಗ್ಗೆ ಬೆಳಿಗ್ಗೆ ಇನ್ಸ್‌ಪೆಕ್ಷನ್ನಾ?" ಎಂದರು. ನಾನು ನಮ್ಮವರಿಗೆ, ಎಲ್ಲರಿಗೂ ಕೇಳುವ ಹಾಗೆ, "ಇವತ್ತಿಂದ ಡಿಸ್ಪ್ಯಾಚ್ ಅಂತೆ" ಎಂದು ಹೇಳಿ, ಒಂಬತ್ತೂವರೆಯ ತರಗತಿಗೆ ಬಸ್ಸು ಹಿಡಿಯಲು ಹೆದ್ದಾರಿಯ ಕಡೆಗೆ ನಡೆದೆ.